ಹಿಂಗಾರಿನ ಬೆಳೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಕ್ಕಳನ್ನು ತಿದ್ದಬೇಕೆಂಬ ಹಿರಿಯರು ಇದನ್ನು ಹೇಳುವುದುಂಟು. ತಮ್ಮನ್ನು ತಾವು ತಿದ್ದಿಕೊಳ್ಳಲು ಮನಸ್ಸಿಲ್ಲದ ಹಿರಿಯರೂ ಇದನ್ನೇ ಹೇಳಿ ಸುಮ್ಮನಾಗುವುದುಂಟು. ಮೊದಲಿನವರ ಬಾಯಲ್ಲಿ ಅದು ಎಚ್ಚರಿಕೆಯ ಮಾತು. ಎರಡನೆಯವರ ಬಾಯಲ್ಲಿ ಬರಿಯ ನೆಪ. ಬೆಳೆದ ಮರವು ಬಗ್ಗಲಾರದೆಂಬುದೇನೋ ನಿಜವೇ. ಆದರೆ ಬೆಳೆದ ಮರವು ಚಿಗುರಲಾರದೆಂದು ಗಾದೆಯು ಹೇಳಿಲ್ಲ. ಬಗ್ಗುವುದು ಬೇರೆ, ಚಿಗುರುವುದು ಬೇರೆ. ಈ ಎರಡನ್ನೂ ಒಂದೆಂದೆಣಿಸಿದುದರಿಂದಲೇ ಎಷ್ಟೋ ಜನರು ನಲವತ್ತು ದಾಟಿದೊಡನೆ ತಮ್ಮ ಬಾಳಿನ ಲೆಕ್ಕವನ್ನು ಕೂಡಿಸಿ, ಕೆಳಗೊಂದು ಗೀಟೆಳೆದು ಕುಳಿತುಬಿಡುವರು.

ಈ ವಿಷಯದಲ್ಲಿ ಬಯಲುಸೀಮೆಯ ಬೇಸಾಯಗಾರನ ತಿಳಿವಳಿಕೆಯು ಓದಿದವರ ತಿಳಿವಳಿಕೆಗಿಂತ ಮೇಲಾದುದು. ಅವನಿಗೆ ಬಿತ್ತನೆಯ ಕಾಲವು ವರ್ಷದಲ್ಲಿ ಒಂದೇ ಸಲ ಬರುವುದಲ್ಲ. ಮುಂಗಾರು ಕಳೆದ ಮೇಲೆ ಹಿಂಗಾರು ಉಂಟು. ಎರೆಯ ಹೊಲದಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬೆಗಳನ್ನು ಅವನು ಬಿತ್ತುವುದು ಆಗಲೇ. ಆ ಬೆಳೆಗೆ ಮುಂದೆ ಬೀಳಲಿರುವ ಮಳೆಯ ಆಸರೆ ಬಹಳವಿಲ್ಲ. ಕಳೆದ ತಿಂಗಳುಗಳಲ್ಲಿ ಸುರಿದುಹೋದ ಮಳೆಯ ತೇವವನ್ನು ಕರಿಯ ಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡಿರುವುದು. ಪೈರು ಆ ತೇವದ ಮೇಲೆಯೇ ಬೆಳೆದು ತೆನೆಹಿಡಿಯುವುದು. ತಡವಾಗಿ ಬಿತ್ತಿದುದೆಂದು ಹಿಂಗಾರಿನ ಜೋಳವನ್ನು ಯಾರೂ ಹಳಿಯರು. ರೊಟ್ಟಿಗೆ ಅದೇ ಲೇಸೆನ್ನುವರು.

ಮನುಷ್ಯನ ಬಾಳಿಗೂ ಹಿಂಗಾರು ಇರುವುದು. ಆದರೆ ಹೊಲಕ್ಕಿಲ್ಲದ ಒಂದು ತೊಡಕು ಮನುಷ್ಯನಿಗುಂಟು. ಅದು ಅಂಜಿಕೆ. ಎಳೆಯ ವಯಸ್ಸಿನಲ್ಲಿ ಹೊಸದನ್ನು ಆರಂಭಿಸುವುದಕ್ಕೆ ದೊಡ್ಡ ಧೈರ್ಯವೇನೂ ಬೇಕಿಲ್ಲ. ಕಳೆದುಕೊಳ್ಳಲು ಕೈಯಲ್ಲಿ ಏನೂ ಇಲ್ಲದಿರುವುದೇ ಅಲ್ಲಿ ಧೈರ್ಯದ ಕೆಲಸವನ್ನು ಮಾಡುವುದು. ವಯಸ್ಸು ಏರಿದಂತೆ ಕೈ ತುಂಬುವುದು: ಮನೆ, ಹೊಣೆ, ಹೆಸರು, ನಾಲ್ವರ ನಡುವೆ ಒಂದು ಸ್ಥಾನ. ತುಂಬಿದ ಕೈ ಹೊಸದನ್ನು ಹಿಡಿಯಲಾರದು. “ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ, ಈಗ ಇವರಿಗೇಕೆ ಈ ಉಸಾಬರಿ?” ಎಂದು ನಗುವ ನೆರೆಹೊರೆಯೂ ಇರುವುದು. ಇವೆಲ್ಲಕ್ಕೂ ಮಿಗಿಲಾಗಿ, ಒಳಗೆ ಕುಳಿತು “ಇನ್ನೆಷ್ಟು ದಿನ?” ಎಂದು ಕೇಳುವ ಮನಸ್ಸೊಂದು ಇರುವುದು. ಈ ಪ್ರಶ್ನೆಗೆ ಮಾತಿನಿಂದ ಉತ್ತರ ಹೇಳಿದವರು ಬಹಳ ಮಂದಿ. ಬದುಕಿನಿಂದ ಉತ್ತರ ಹೇಳಿದವರು ಕೆಲವರು. ಆ ಕೆಲವರಲ್ಲಿ ಮೈಸೂರು ಸೀಮೆಯ ಹೆಣ್ಣುಮಗಳಾದ ಬೆಂಗಳೂರು ನಾಗರತ್ನಮ್ಮನವರು ಒಬ್ಬರು.

ನಾಗರತ್ನಮ್ಮನವರು ಹುಟ್ಟಿದುದು ೧೮೭೮ನೆಯ ನವೆಂಬರ್ ತಿಂಗಳ ೩ರಂದು, ಕಪಿಲಾ ತೀರದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿಯವರು ದೇವದಾಸಿ ಮನೆತನದವರು; ತಂದೆಯು ಸುಬ್ಬರಾಯರೆಂಬ ವಕೀಲರು. ತಂದೆಯ ಆಸರೆ ಬೇಗನೆ ತಪ್ಪಿತು. ತಾಯಿಯು ಕೂಸನ್ನೆತ್ತಿಕೊಂಡು ಮೈಸೂರಿಗೆ ಬಂದು ಅರಮನೆಯ ಪಂಡಿತರೊಬ್ಬರ ಆಶ್ರಯವನ್ನು ಪಡೆದರು. ಹುಡುಗಿಯು ಅಲ್ಲಿ ಸಂಸ್ಕೃತವನ್ನೂ ಸಂಗೀತವನ್ನೂ ಎಷ್ಟು ಚುರುಕಾಗಿ ಕಲಿತಳೆಂದರೆ, ಆ ಚುರುಕುತನವೇ ಅವಳಿಗೆ ಮುಳುವಾಯಿತೆಂದು ಹೇಳುವರು. ಆಶ್ರಯ ಕೊಟ್ಟ ಬಾಗಿಲೇ ಮುಚ್ಚಿತು. ತಾಯಿಮಗಳು ಮತ್ತೆ ಹೊರಟರು. ಪಿಟೀಲು ವಿದ್ವಾಂಸರಾಗಿದ್ದ ಬಂಧು ವೆಂಕಟಸ್ವಾಮಪ್ಪನವರು ಅವರಿಗೆ ನೆಲೆ ಕೊಟ್ಟರು. ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಿಂದ ಹಾಡುಗಾರಿಕೆಯ ಶಿಕ್ಷಣವಾಯಿತು. ಮುನಿಸ್ವಾಮಪ್ಪನವರು ಶ್ರೀ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಮುಂದೆ ಮೈಸೂರಿನ ಬಿಡಾರಂ ಕೃಷ್ಣಪ್ಪನವರನ್ನೂ ನಾಗರತ್ನಮ್ಮನವರು ಗುರುವಾಗಿ ಭಾವಿಸಿದರು. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಹುಡುಗಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿಗೆ ಹೋಗಿ, ಅಲ್ಲಿಯ ಗಾಯಕರ ಮುಂದಿನ ಸಾಲಿನಲ್ಲಿ ತನ್ನದೊಂದು ಸ್ಥಾನವನ್ನು ಮಾಡಿಕೊಂಡಳು.

ಇಷ್ಟರಲ್ಲಿಯೇ ಒಂದು ಬಾಳಿನಲ್ಲಿ ಎಷ್ಟು ಆರಂಭಗಳು! ನಂಜನಗೂಡಿನಿಂದ ಮೈಸೂರು, ಮೈಸೂರಿನಿಂದ ಬೆಂಗಳೂರು, ಬೆಂಗಳೂರಿನಿಂದ ಮದರಾಸು. ಆದರೆ ಇವುಗಳಲ್ಲಿ ಬಹುಪಾಲು ವಿಧಿಯಿಲ್ಲದೆ ಆದ ಆರಂಭಗಳು. ಇದ್ದ ಜಾಗದಲ್ಲಿ ನಿಲ್ಲಗೊಡದೆ ಲೋಕವೇ ಹೊರದೂಡಿದಾಗ ಮುಂದಕ್ಕೆ ನಡೆಯದೆ ಗತ್ಯಂತರವೆಲ್ಲಿ? ಅಂಥ ನಡಿಗೆಗೆ ಬೇಕಾದುದು ತಾಳ್ಮೆ. ನಿಲ್ಲುವುದಕ್ಕೆ ಒಳ್ಳೆಯ ಜಾಗವಿದ್ದೂ ಅಲ್ಲಿಂದ ಏಳುವುದುಂಟಲ್ಲ, ಅದಕ್ಕೆ ಬೇಕಾದುದೇ ಬೇರೆ.

ಮದರಾಸಿನಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಸ್ವಂತ ಮನೆ, ಒಡವೆ, ಊರೂರಿಂದ ಕಛೇರಿಗೆ ಕರೆ, ಗ್ರಾಮಫೋನ್ ತಟ್ಟೆಗಳಲ್ಲಿ ಕಂಠ, ‘ವಿದ್ಯಾಸುಂದರಿ’ ಎಂಬ ಬಿರುದು. ಕನ್ನಡ, ತೆಲುಗು, ಸಂಸ್ಕೃತಗಳ ಒಳ್ಳೆಯ ವ್ಯಾಸಂಗವೂ ಇದ್ದಿತು. ಆ ವ್ಯಾಸಂಗದ ಫಲವಾಗಿಯೇ ಒಂದು ದೊಡ್ಡ ಸೋಲನ್ನೂ ಅವರು ಕಂಡರು. ತಂಜಾವೂರಿನಲ್ಲಿ ಹದಿನೆಂಟನೆಯ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯವನ್ನು ಹಿಂದಿನ ಮುದ್ರಣದಲ್ಲಿ ಕತ್ತರಿಸಿ ಅಚ್ಚು ಹಾಕಿದ್ದರು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಹುಡುಕಿಸಿ, ಪರಿಶೋಧಿಸಿ, ಇಡಿಯ ಕಾವ್ಯವನ್ನು ೧೯೧೦ರಲ್ಲಿ ವಾವಿಳ್ಳ ಪ್ರಕಾಶಕರ ಮೂಲಕ ಹೊರತಂದರು. ಶೃಂಗಾರವು ಮಿತಿಮೀರಿತೆಂದು ದೂರು ಹೋಯಿತು. ಅದೇ ಶೃಂಗಾರವನ್ನು ಗಂಡಸರು ಬರೆದಾಗ ಆಕ್ಷೇಪಿಸದಿದ್ದವರು, ಹೆಣ್ಣೊಬ್ಬಳು ಬರೆದು ಇನ್ನೊಬ್ಬ ಹೆಣ್ಣು ಅಚ್ಚು ಹಾಕಿಸಿದಾಗ ಕೆರಳಿದರು. ೧೯೧೧ರಲ್ಲಿ ಸರಕಾರವು ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧವು ತೆಗೆದುಹೋದುದು ೧೯೪೭ರಲ್ಲಿ. ಧೈರ್ಯಕ್ಕೆ ಕೂಡಲೆ ಫಲ ಸಿಕ್ಕೀತೆಂಬ ಭ್ರಮೆಯೇನಾದರೂ ನಾಗರತ್ನಮ್ಮನವರಿಗೆ ಇದ್ದಿದ್ದರೆ, ಅದು ಮೂವತ್ತೆರಡನೆಯ ವಯಸ್ಸಿನಲ್ಲಿಯೇ ಹರಿದಿರಬೇಕು.

ಹೀಗಿರುವಲ್ಲಿ, ಅವರಿಗೆ ನಲವತ್ತಮೂರು ತುಂಬುವ ಕಾಲಕ್ಕೆ, ಗುರುಗಳಾದ ಬಿಡಾರಂ ಕೃಷ್ಣಪ್ಪನವರಿಂದ ಒಂದು ಸಮಾಚಾರ ಬಂದಿತು. ತಿರುವಯ್ಯಾರಿನಲ್ಲಿ ಕಾವೇರಿಯ ದಡದ ಮೇಲೆ ತ್ಯಾಗರಾಜಸ್ವಾಮಿಗಳ ಸಮಾಧಿಯು ನೋಡುವವರಿಲ್ಲದೆ ಹಾಳುಬಿದ್ದಿದೆಯೆಂಬುದೇ ಆ ಸಮಾಚಾರ. ತ್ಯಾಗರಾಜರು ೧೮೪೭ರ ಪುಷ್ಯ ಬಹುಳ ಪಂಚಮಿಯಂದು ಕಾಲವಾದರು. ಕೊನೆಯಲ್ಲಿ ಸನ್ಯಾಸವನ್ನು ಸ್ವೀಕರಿಸಿದುದರಿಂದ ಅವರ ದೇಹಕ್ಕೆ ಅಗ್ನಿಸಂಸ್ಕಾರವಾಗದೆ ನದೀತೀರದಲ್ಲಿ ಬೃಂದಾವನವಾಯಿತು. ೧೯೦೩ರಲ್ಲಿ ಶಿಷ್ಯರು ಅದನ್ನು ಒಮ್ಮೆ ದುರಸ್ತಿ ಮಾಡಿಸಿದ್ದರು. ಆಮೇಲೆ ವರ್ಷಕ್ಕೊಮ್ಮೆ ಆರಾಧನೆಯೇನೋ ನಡೆಯುತ್ತಿದ್ದಿತು. ಆದರೆ ಉತ್ಸವ ನಡೆಸುವವರು ದೊಡ್ಡ ಪಕ್ಷ, ಚಿಕ್ಕ ಪಕ್ಷಗಳೆಂದು ಎರಡಾಗಿ ಒಡೆದಿದ್ದರು. ಹಾಡುವವರು ಬಹಳ ಮಂದಿಯಾಗಿದ್ದರು; ಮರುದಿನ ಆ ಕಲ್ಲಿನ ಸುತ್ತಲಿನ ಕಸವನ್ನು ಗುಡಿಸುವವರಿರಲಿಲ್ಲ.

ಈ ಸುದ್ದಿಯನ್ನು ಕೇಳಿ ಮರುಗಿದವರು ನಾಗರತ್ನಮ್ಮನವರೊಬ್ಬರೇ ಆಗಿರಲಾರರು. ತ್ಯಾಗರಾಜರ ಕೃತಿಗಳನ್ನು ಹಾಡಿ ಹೆಸರನ್ನೂ ಹಣವನ್ನೂ ಗಳಿಸಿದವರು ದಕ್ಷಿಣದೇಶದಲ್ಲೆಲ್ಲ ಇದ್ದರು. ಮರುಗುವುದು ಸುಲಭ, ಏಳುವುದು ಕಷ್ಟ. ನಾಗರತ್ನಮ್ಮನವರು ಎದ್ದು ತಿರುವಯ್ಯಾರಿಗೆ ಹೋದರು, ಕಣ್ಣಾರೆ ಕಂಡರು. ನದೀತೀರದ ಆ ನೆಲವನ್ನು ಪಡೆಯುವ ವ್ಯವಹಾರವನ್ನು ಮುಗಿಸಿ, ೧೯೨೧ನೆಯ ಅಕ್ಟೋಬರ್ ೨೭ರಂದು ಗುಡಿಯ ಕೆಲಸಕ್ಕೆ ಅಸ್ತಿಭಾರವನ್ನು ಹಾಕಿಸಿದರು. ಒಡವೆಗಳು ಹಣವಾದುವು, ಹಣವು ಕಲ್ಲು ಗಾರೆಗಳಾಯಿತು. ಅದು ಸಾಲದೆ ಹೋದಾಗ ಮತ್ತೆ ಕಛೇರಿ, ಮತ್ತೆ ಹರಿಕಥೆ. ಹಿಂದೆ ಯಾವ ಕಂಠವು ಮನೆಯನ್ನು ಕಟ್ಟಿತೋ ಅದೇ ಕಂಠವು ಈಗ ಗುಡಿಯನ್ನು ಕಟ್ಟತೊಡಗಿತು. ೧೯೨೫ನೆಯ ಜನವರಿ ೭ರಂದು ಪ್ರತಿಷ್ಠೆಯಾಯಿತು. ಸಮಾಧಿಯ ಮೇಲೆ ಗುಡಿ, ಗುಡಿಯಲ್ಲಿ ತ್ಯಾಗರಾಜರ ವಿಗ್ರಹ, ವಿಗ್ರಹಕ್ಕೆ ನಿತ್ಯಪೂಜೆ. ಮುಂದೆ ನಾಗರತ್ನಮ್ಮನವರು ಮದರಾಸನ್ನು ಬಿಟ್ಟು ತಿರುವಯ್ಯಾರಿನಲ್ಲಿಯೇ ನೆಲಸಿದರು.

ಇದನ್ನು ಒಬ್ಬ ಸಿರಿವಂತೆಯ ದಾನವೆಂದು ಮಾತ್ರ ಎಣಿಸಿದರೆ ಅದರ ಮರ್ಮವು ತಪ್ಪಿಹೋಗುವುದು. ದಾನಿಯು ಹಣವನ್ನು ಕೊಟ್ಟು ತನ್ನ ಮನೆಗೆ ಹಿಂದಿರುಗುವನು. ಅವನ ಬಾಳು ಮೊದಲಿನಂತೆಯೇ ಸಾಗುವುದು. ಇಲ್ಲಿ ಹಿಂದಿರುಗಲು ಮನೆಯನ್ನೇ ಉಳಿಸಿಕೊಳ್ಳಲಿಲ್ಲ. ಪಟ್ಟಣದಲ್ಲಿ ಕಛೇರಿಯ ನಡುವೆ ಕುಳಿತು ಮರ್ಯಾದೆ ಪಡೆಯುತ್ತಿದ್ದವರು, ಕಾವೇರಿಯ ದಡದ ಒಂದು ಸಣ್ಣ ಊರಿನಲ್ಲಿ, ಭಾಷೆ ಬೇರೆಯಾದ ಜನರ ನಡುವೆ, ಗುಡಿಯೊಂದರ ಊಳಿಗದವರಾಗಿ ಬದುಕತೊಡಗಿದರು. ಈ ಬದುಕಿಗೆ ಅವರಲ್ಲಿ ಯಾವ ಪೂರ್ವಾಭ್ಯಾಸವೂ ಇರಲಿಲ್ಲ. ಜಮೀನಿನ ಕಾಗದ, ಕಲ್ಲುಕುಟಿಗರ ಕೂಲಿ, ಪೂಜೆಯ ಏರ್ಪಾಡು, ಪಕ್ಷಗಳ ಜಗಳ: ಇವೆಲ್ಲ ನಲವತ್ತರ ಮೇಲೆ ಕಲಿತ ಪಾಠಗಳು.

ಎಲ್ಲಕ್ಕಿಂತ ಕಠಿಣವಾದ ಪಾಠವು ಗುಡಿಯಾದ ಮೇಲೆ ಕಾದಿದ್ದಿತು. ಆ ಗುಡಿಯ ಮುಂದೆ ಆರಾಧನೆಯ ದಿನ ಹಾಡುವ ಅಧಿಕಾರವು ಹೆಂಗಸರಿಗೆ ಇರಲಿಲ್ಲ. ಕಲ್ಲು ಯಾರ ಹಣದ್ದೆಂದು ಎಲ್ಲರಿಗೂ ಗೊತ್ತಿದ್ದಿತು. ಆದರೂ ಪದ್ಧತಿಯು ಪದ್ಧತಿಯೇ. ಎರಡು ಪಕ್ಷಗಳೂ ಬೇರೆಲ್ಲ ವಿಷಯಗಳಲ್ಲಿ ಜಗಳವಾಡುತ್ತಿದ್ದರೂ ಈ ಒಂದು ವಿಷಯದಲ್ಲಿ ಒಮ್ಮತದಿಂದಿದ್ದುವು. ಬಾಳಿನ ಗಳಿಕೆಯನ್ನು ಸುರಿದು ಕಟ್ಟಿದ ಬಾಗಿಲೇ ತನಗೆ ಮುಚ್ಚಿದೆಯೆಂಬುದನ್ನು ಕಂಡ ಮನಸ್ಸಿಗೆ ಎರಡು ದಾರಿಗಳು ಸಹಜವಾಗಿ ತೋರುವುವು. ಸಿಟ್ಟಾಗಿ ಬಿಟ್ಟುಹೋಗುವುದು ಒಂದು. ದೈವೇಚ್ಛೆಯೆಂದು ಬಾಯಿಮುಚ್ಚಿ ಕೂಡುವುದು ಇನ್ನೊಂದು. ನಾಗರತ್ನಮ್ಮನವರು ಎರಡನ್ನೂ ಹಿಡಿಯಲಿಲ್ಲ. ಹಾಡಬಾರದೆಂದಾಗ ಅವರು ಹರಿಕಥೆಯನ್ನು ಮಾಡಿದರು. ಅದಕ್ಕೂ ಅಡ್ಡಿಗಳು ಬಂದಾಗ, ಹಾಡುವ ಹೆಂಗಸರನ್ನೆಲ್ಲ ಕರೆಸಿ, ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಆದ ಒಂದು ಆರಾಧನೆಯನ್ನು ಆರಂಭಿಸಿದರು. ಮುಂದೆ ಗಂಡಸರ ಎರಡು ಪಕ್ಷ, ಹಿಂದೆ ಹೆಂಗಸರ ಪಕ್ಷ, ನಡುವೆ ತ್ಯಾಗರಾಜರು. ಹೀಗೆ ಹತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಕೊನೆಗೆ ೧೯೪೧ರ ಹೊತ್ತಿಗೆ ಪಕ್ಷಗಳೆಲ್ಲ ಕೂಡಿ ಒಂದೇ ಆರಾಧನೆಯಾಯಿತು. ಹೆಂಗಸರಿಗೂ ಅದರಲ್ಲಿ ಸ್ಥಾನ ದೊರೆಯಿತು. ಆಗ ನಾಗರತ್ನಮ್ಮನವರಿಗೆ ಅರವತ್ತು ದಾಟಿದ್ದಿತು. ಅಸ್ತಿಭಾರದ ಕಲ್ಲಿಗೂ ಈ ದಿನಕ್ಕೂ ನಡುವೆ ಇಪ್ಪತ್ತು ವರ್ಷ. “ಇನ್ನೆಷ್ಟು ದಿನ?” ಎಂದು ಲೆಕ್ಕ ಹಾಕಿ ಆರಂಭಿಸುವವರಾಗಿದ್ದರೆ ಅವರು ಆರಂಭಿಸುತ್ತಲೇ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಈ ಇಪ್ಪತ್ತು ವರ್ಷಗಳಲ್ಲಿಯೇ ಅವರು ಹುಟ್ಟಿ ಬೆಳೆದ ಸಮುದಾಯದ ಕಾಲಬುಡದ ನೆಲವು ಜಾರುತ್ತಿದ್ದಿತು. ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂಬ ಚಳುವಳಿಯು ಮದರಾಸಿನಲ್ಲಿ ಬಲಗೊಂಡಿತು. ೧೯೨೭ರಲ್ಲಿ ಆ ಸಮುದಾಯದ ಹೆಂಗಸರು ಸಂಘವೊಂದನ್ನು ಕಟ್ಟಿಕೊಂಡಾಗ ನಾಗರತ್ನಮ್ಮನವರು ಅದರ ಮುಂದಾಳಾಗಿ, ತಮ್ಮವರ ಕಲೆಯನ್ನೂ ವಿದ್ಯೆಯನ್ನೂ ಪದ್ಧತಿಯ ಕೊಳೆಯೊಡನೆ ಎಸೆಯಬಾರದೆಂದು ವಾದಿಸಿದರು. ಚಳುವಳಿಯು ನಡೆಯಿತು, ೧೯೪೭ರಲ್ಲಿ ಕಾನೂನೂ ಆಯಿತು. ಆ ಪದ್ಧತಿಯಲ್ಲಿದ್ದ ಅನ್ಯಾಯವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಆ ಮನೆತನಗಳ ಹೆಂಗಸರು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಸಂಗೀತ, ನೃತ್ಯ, ಸಾಹಿತ್ಯಗಳ ಹಕ್ಕುದಾರರು ಯಾರೆಂಬುದು ನಿಜವಾದ ಪ್ರಶ್ನೆಯಾಗಿದ್ದಿತು. ಹಳೆಯ ಬಾಳು ಉಳಿಯುವಂತಿರಲಿಲ್ಲ. ಹೊಸ ಸಮಾಜವು ಇನ್ನೂ ಬಾಗಿಲು ತೆರೆದಿರಲಿಲ್ಲ. ಇಂಥ ನಡುಗಾಲದಲ್ಲಿ ಒಬ್ಬ ಹೆಂಗಸು, ತಾನು ಯಾರೆಂಬುದನ್ನು ಮರೆಮಾಚದೆ, ತನ್ನ ಬಿರುದನ್ನೂ ತನ್ನ ಊರಿನ ಹೆಸರನ್ನೂ ಬಿಡದೆ, ತಲೆಯೆತ್ತಿ ನಿಲ್ಲಬಹುದಾದ ಒಂದು ಹೊಸ ನೆಲೆಯನ್ನು ಕಟ್ಟಿಕೊಂಡಳು. ಗುಡಿಯ ಹಿಂದೆ ಕುಳಿತು ಹಾಡಿದ ಆ ಹೆಂಗಸರ ಪಾಲಿಗೆ ಅದು ಹಾಡಿನ ಅಧಿಕಾರಕ್ಕಿಂತ ಹೆಚ್ಚಿನದಾಗಿದ್ದಿತು.

ತಡವಾದ ಆರಂಭಕ್ಕೆ ಬೇಕಾದ ನಂಬಿಕೆಯೆಂದರೆ ಏನೆಂಬುದು ಇಲ್ಲಿ ಸ್ವಲ್ಪ ಮಟ್ಟಿಗೆ ತಿಳಿಯುವುದು. ಗೆದ್ದೇ ಗೆಲ್ಲುವೆನೆಂಬ ಹಮ್ಮಿಗೆ ನಂಬಿಕೆಯೆಂದು ಹೆಸರಿಡುವುದುಂಟು. ಅದು ಯೌವನದ ಸೊತ್ತು, ಮೊದಲ ಸೋಲಿಗೇ ಒಡೆಯುವಂಥದು. ವಯಸ್ಸಾದವರ ನಂಬಿಕೆಯು ಸೋಲನ್ನು ಕಂಡುಬಂದ ನಂಬಿಕೆ. ಕಾವ್ಯದ ನಿಷೇಧವನ್ನು ಕಂಡವರು ಗುಡಿಗೆ ಕೈಹಾಕಿದರು. ಗುಡಿಯ ಬಾಗಿಲಲ್ಲಿ ತಡೆದವರನ್ನು ಕಂಡವರು ಹಿಂಬದಿಯಲ್ಲಿ ಜಮಖಾನೆ ಹಾಸಿದರು. ಕೆಲಸವು ಒಳ್ಳೆಯದೆಂಬುದಷ್ಟೇ ಅವರಿಗೆ ನಿಶ್ಚಯವಾಗಿದ್ದಿತು. ಅದು ತಮ್ಮ ಕಣ್ಣಮುಂದೆ ಕೈಗೂಡುವುದೆಂಬುದು ನಿಶ್ಚಯವಾಗಿರಲಿಲ್ಲ. ಮೊದಲನೆಯ ನಿಶ್ಚಯವೊಂದಿದ್ದರೆ ಎರಡನೆಯದಿಲ್ಲದೆಯೂ ನಡೆಯಬಹುದು.

ಇನ್ನು ಧೈರ್ಯದ ಮಾತು. ಹೊಸ ಬಾಳೆಂದರೆ ಹಳೆಯ ಬಾಳನ್ನು ಕಿತ್ತೊಗೆಯಬೇಕೆಂದು ಭಾವಿಸಿ ಅಂಜುವವರೇ ಹೆಚ್ಚು. ನಾಗರತ್ನಮ್ಮನವರ ಹೊಸ ಬಾಳಿನಲ್ಲಿ ಹೊಸದಾಗಿ ಹುಟ್ಟಿದ ಶಕ್ತಿಯು ಯಾವುದೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಕಂಠವು ಹಳೆಯದು, ತ್ಯಾಗರಾಜರ ಕೃತಿಗಳು ಬಾಲ್ಯದಲ್ಲಿ ಕಲಿತವು, ಹಣವು ಹಿಂದೆ ಗಳಿಸಿದುದು, ಕೂಡಿ ಹಾಡಿದ ಹೆಂಗಸರು ಅವರದೇ ಸಮುದಾಯದವರು, ಹೊರದೂಡಿದಾಗ ಕುಗ್ಗದಿರುವ ಗುಣವು ತಾಯಿಯಿಂದ ಬಂದುದು. ಎಲ್ಲವೂ ಮೊದಲಿನ ಮಳೆಯ ತೇವವೇ. ಆ ತೇವವು ಯಾರ ಬೆಳೆಗೆ ಎಂಬುದೊಂದೇ ಬದಲಾಯಿತು. ಅದುವರೆಗೆ ತನಗಾಗಿ ಇದ್ದುದು ಆಮೇಲೆ ತನಗಿಂತ ದೊಡ್ಡದೊಂದಕ್ಕೆ ಆಯಿತು. ಹೀಗೆ ನೋಡಿದರೆ ತುಂಬಿದ ಕೈಯೇ ಅಡ್ಡಿಯೆಂಬ ಮಾತಿಗೆ ಪರಿಹಾರವೂ ದೊರೆಯುವುದು: ಕೊಟ್ಟ ಕೈಯು ಮತ್ತೆ ಹಿಡಿಯಬಲ್ಲುದು.

ಅವರಿಗೆ ಹಣವಿದ್ದಿತು, ಕಂಠವಿದ್ದಿತು, ಮಕ್ಕಳುಮರಿಗಳ ಭಾರವಿರಲಿಲ್ಲ. ಸಂಸಾರಸ್ಥರ ಪಾಡು ಹಾಗಿಲ್ಲವೆಂದು ಯಾರಾದರೂ ಹೇಳಬಹುದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಾಲ ತೀರದ, ಮಗಳ ಮದುವೆಯಾಗದ, ಹಾಸಿಗೆ ಹಿಡಿದ ಹಿರಿಯರಿರುವ ಮನೆಯ ಯಜಮಾನನಿಗೆ ಎಲ್ಲವನ್ನೂ ಮಾರಿ ನದೀತೀರಕ್ಕೆ ಹೋಗೆಂದು ಹೇಳುವುದು ವಿವೇಕವಾಗದು. ಎಲ್ಲರೂ ಗುಡಿ ಕಟ್ಟಬೇಕಾಗಿಯೂ ಇಲ್ಲ. ಹಿಂಗಾರಿನ ಹೊಲವು ನಾಲ್ಕು ಕೂರಿಗೆಯಾದರೂ ಸರಿ, ನಾಲ್ಕು ಗುಂಟೆಯಾದರೂ ಸರಿ. ಕೆಲಸದಿಂದ ನಿವೃತ್ತರಾದ ಗುಮಾಸ್ತರೊಬ್ಬರು ತಮ್ಮ ಬೀದಿಯ ಬಡಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವುದು, ಮೊಮ್ಮಗನ ಪಕ್ಕದಲ್ಲಿ ಕುಳಿತು ಅಜ್ಜಿಯೊಬ್ಬಳು ಅಕ್ಷರ ತಿದ್ದುವುದು, ಗಂಡನನ್ನು ಕಳೆದುಕೊಂಡ ಗೃಹಿಣಿಯೊಬ್ಬಳು ಇಪ್ಪತ್ತು ವರ್ಷ ಮುಟ್ಟದಿದ್ದ ವೀಣೆಯ ಧೂಳನ್ನೊರಸಿ ತಂತಿ ಬಿಗಿಯುವುದು: ಇವೂ ಬಿತ್ತನೆಗಳೇ. ಅಲ್ಲಿಯೂ ನಗುವವರಿರುವರು. ಬೆರಳು ಮೊದಲಿನಂತೆ ಓಡದು. ಬರೆದ ಅಕ್ಷರವು ಸೊಟ್ಟಗಾಗುವುದು. ನಾಗರತ್ನಮ್ಮನವರ ಉದಾಹರಣೆಯು ಇಂಥವರಿಗೆ ಕೊಡುವ ಸಮಾಧಾನವೆಂದರೆ, ಮುಂದಿನ ಬಾಗಿಲು ತೆರೆಯುವ ತನಕ ಹಿಂಬದಿಯಲ್ಲಿ ಕುಳಿತು ಹಾಡಿದರೂ ಅದು ಹಾಡೇ ಎಂಬುದು.

ನಾಗರತ್ನಮ್ಮನವರು ೧೯೫೨ನೆಯ ಮೇ ೧೯ರಂದು ತಿರುವಯ್ಯಾರಿನಲ್ಲಿಯೇ ಕಾಲವಾದರು. ಉಳಿದ ಆಸ್ತಿಯನ್ನು ತ್ಯಾಗರಾಜರ ಸೇವೆಗೇ ಬರೆದಿಟ್ಟಿದ್ದರು. ಆ ಸನ್ನಿಧಿಯಲ್ಲಿ ಹೆಂಗಸರಿಗೆ ಇರುವ ಅಧಿಕಾರಕ್ಕೆ ಕುಂದು ಬರಬಾರದೆಂಬ ಕಟ್ಟಳೆಯನ್ನೂ ಅದರಲ್ಲಿ ಸೇರಿಸಿದ್ದರು. ಅವರ ಸಮಾಧಿಯು ತ್ಯಾಗರಾಜರ ಸಮಾಧಿಯ ಸಮೀಪದಲ್ಲಿದೆ. ಅಲ್ಲಿ ಅವರ ಪ್ರತಿಮೆಯು ಕೈಮುಗಿದುಕೊಂಡು ಗುರುವಿನ ಗುಡಿಯ ಕಡೆಗೆ ನೋಡುತ್ತ ಕುಳಿತಿದೆ. ಇಂದಿಗೂ ಪುಷ್ಯ ಬಹುಳ ಪಂಚಮಿಯಂದು ಗಂಡಸರೂ ಹೆಂಗಸರೂ ಎದುರುಬದುರಾಗಿ ಸಾಲುಗಟ್ಟಿ ಕುಳಿತು ಪಂಚರತ್ನ ಕೃತಿಗಳನ್ನು ಒಟ್ಟಿಗೆ ಹಾಡುವರು. ಅವರಲ್ಲಿ ಎಳೆಯ ಹುಡುಗಿಯರು ಎಷ್ಟೋ ಮಂದಿ. ಹಾಡುವುದಕ್ಕೆ ಅಪ್ಪಣೆ ಬೇಕಾಗಿದ್ದ ಕಾಲವೊಂದಿದ್ದಿತೆಂಬುದು ಅವರಲ್ಲಿ ಹಲವರಿಗೆ ತಿಳಿದೂ ಇರಲಾರದು. ನಲವತ್ತಮೂರರ ಹೊಸ್ತಿಲಲ್ಲಿ ನಿಂತು ಬಿತ್ತಿದವರಿಗೆ ಇದಕ್ಕಿಂತ ದೊಡ್ಡ ಸುಗ್ಗಿ ಬೇರೆ ಯಾವುದು?